ಹಳೇ ಕಂಪ್ಯೂಟರ್ ಗೇಮ್‌ಗೆ ನಾನು ಗ್ರೇಡ್ ಹಾಕೋ ರೀತಿ (ನನ್ನ ಅನುಭವ)

ಬಾಕ್ಸ್ ಒಂದು ಫಳಫಳ ಅಂತಿದ್ರೆ ಸಾಕು, ಇಡೀ ಗೇಮ್‌ಗೆ ನಿಯರ್ ಮಿಂಟ್ (ಹೆಚ್ಚೂಕಮ್ಮಿ ಹೊಸದರ ಹಾಗೇ ಇದೆ) ಅಂತ ಒಂದೇ ಗ್ರೇಡ್ ಹಾಕಿ ಮಾರೋರು ತುಂಬ ಜನ ಇದಾರೆ, ನಾನಂತೂ ಅದನ್ನ ಒಪ್ಪಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜ್ ಸೇಲ್‌ಗಳಲ್ಲಿ ಸಿಗೋ 80ರ ದಶಕದ ಗೇಮ್‌ಗಳನ್ನ ನೋಡಿ, ಅಟ್ಟದ ಬಿಸಿಲಿಗೆ ಬಾಕ್ಸ್ ಬಣ್ಣ ಹೋಗಿರತ್ತೆ, ಒಳಗಿನ ಮ್ಯಾನ್ಯುಯಲ್ ಮಾತ್ರ ನಿನ್ನೆ ಪ್ರಿಂಟ್ ಮಾಡಿದ ಹಾಗೆ ಇರತ್ತೆ. ಅದಕ್ಕೇ ಬಾಕ್ಸ್, ಮ್ಯಾನ್ಯುಯಲ್, ಡಿಸ್ಕ್, ಮ್ಯಾಪು ಒಂದೊಂದಕ್ಕೂ ಬೇರೆ ಬೇರೆ ಗ್ರೇಡ್ ಹಾಕ್ತೀನಿ.

ಅದಕ್ಕೂ ಮೊದ್ಲು ಎಲ್ಲಾ ಸಾಮಾನು ಇದೆಯಾ ಅಂತ ಎಣಿಸ್ಬೇಕು. ಅಲ್ಟಿಮಾ 4 (1985) ಅಂದ್ರೆ ಬಟ್ಟೆ ಮ್ಯಾಪು, ಲೋಹದ ಆಂಖ್ (ಮೇಲೆ ಕುಣಿಕೆ ಇರೋ ಶಿಲುಬೆ ಥರದ ಈಜಿಪ್ಟ್ ಚಿಹ್ನೆ), ಎರಡು ಪುಸ್ತಕ ಇರ್ಲೇಬೇಕು. ಇನ್ಫೋಕಾಮ್‌ನವರು 1984ರಲ್ಲಿ ತಂದ ಹಿಚ್‌ಹೈಕರ್ಸ್ ಗೈಡ್ ಗೇಮ್ ಇನ್ನೂ ಕಷ್ಟ. ಅದ್ರಲ್ಲಿ ಕಪ್ಪು ರಟ್ಟಿನ ಕನ್ನಡಕ, ಡೋಂಟ್ ಪ್ಯಾನಿಕ್ ಬ್ಯಾಡ್ಜು, ಒಂದು ಉಂಡೆ ಹತ್ತಿ ಥರದ್ದು, ಆಮೇಲೆ ಏನೂ ಇಲ್ಲದ ಒಂದು ಸಣ್ಣ ಪ್ಲಾಸ್ಟಿಕ್ ಕವರ್ ಬರ್ತಿತ್ತು, ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ಪೇಸ್ ಫ್ಲೀಟ್ ಇದೆ ಅಂತ ಲೆಕ್ಕ! ಖಾಲಿ ಕವರ್ ಅಲ್ವಾ ಅಂತ ಮನೆಯೋರು ಕಸಕ್ಕೆ ಹಾಕಿರ್ತಾರೆ, ಆದ್ರೆ ಅದಿಲ್ದೆ ನಾನು ಕಂಪ್ಲೀಟ್ ಅಂತ ಬರೆಯಲ್ಲ, ಉಳಿದಿದ್ದೆಲ್ಲ ಎಷ್ಟೇ ಚೆನ್ನಾಗಿರ್ಲಿ.

ಬಾಕ್ಸನ್ನ ಕಿಟಕಿ ಬೆಳಕಲ್ಲಿ ಓರೆಯಾಗಿ ಹಿಡಿದು ನೋಡಿ, ನೇರವಾಗಿ ನೋಡಿದ್ರೆ ಕಾಣದ ಮಡಿಕೆ, ಸ್ಟಿಕ್ಕರ್ ಕಿತ್ತ ಗುರುತು ಎಲ್ಲ ಎದ್ದು ಕಾಣತ್ತೆ. ಮೂಲೆ ಸವೆದಿದ್ಯಾ, ಮೇಲೆ ಭಾರ ಬಿದ್ದು ಅಪ್ಪಚ್ಚಿ ಆಗಿದ್ಯಾ, ಬೆನ್ನಿನ ಬಣ್ಣಕ್ಕೂ ಮುಂದಿನ ಬಣ್ಣಕ್ಕೂ ವ್ಯತ್ಯಾಸ ಇದ್ಯಾ. ಮೂಸಿನೂ ನೋಡ್ತೀನಿ, ಸಿಗರೇಟ್ ವಾಸನೆ ಫೋಟೋದಲ್ಲಿ ಬರಲ್ಲವಲ್ಲ, ಅದನ್ನ ಬರೆದೇ ಹೇಳ್ಬೇಕು.

ಡಿಸ್ಕ್ ವಿಷ್ಯಕ್ಕೆ ಬಂದ್ರೆ ತಾಳ್ಮೆ ಬೇಕೇ ಬೇಕು. ಐದೂಕಾಲು ಇಂಚಿನ ಫ್ಲಾಪಿ ಆದ್ರೆ ಮಧ್ಯದ ತೂತಿಗೆ ಬೆರಳಿಟ್ಟು ಮೆಲ್ಲಗೆ ತಿರುಗಿಸ್ತಾ, ಆ ಉದ್ದನೆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಪೂರ್ತಿ ಒಂದು ಸುತ್ತು ನೋಡ್ತೀನಿ, ಕಂದು ಮೇಲ್ಮೈ ಮೇಲೆ ಬೂದಿ ಉದುರಿದ ಹಾಗೆ ಬಿಳಿ ಚುಕ್ಕೆ ಕಂಡ್ರೆ ಬೂಷ್ಟು ಅಂತ ಅರ್ಥ. ದಯವಿಟ್ಟು ಅಂಥದ್ದನ್ನ ಡ್ರೈವ್‌ಗೆ ಹಾಕ್ಬೇಡಿ, ಡ್ರೈವ್ ಒಳಗೆ ಡಿಸ್ಕ್ ಓದೋ ಹೆಡ್ಡೂ ಗಲೀಜಾಗತ್ತೆ, ಡಿಸ್ಕೂ ಗೀಚಿಹೋಗತ್ತೆ, ಅದೇ ಹೆಡ್ಡಿಂದ ಮುಂದಿನ ಡಿಸ್ಕೂ ಹಾಳು. ಕ್ಲೀನ್ ಇದ್ರೆ ಮಾತ್ರ ಗ್ರೀಸ್‌ವೀಸಲ್ ಬೋರ್ಡಲ್ಲಿ (ಹಳೇ ಫ್ಲಾಪಿ ಡ್ರೈವನ್ನ ಈಗಿನ ಕಂಪ್ಯೂಟರಿಗೆ ಜೋಡಿಸೋ ಸಾಧನ) ಒಂದು ಇಮೇಜ್, ಅಂದ್ರೆ ಡಿಸ್ಕಿನ ಪೂರ್ತಿ ನಕಲು, ತೆಗೀತೀನಿ. ಓದತ್ತೆ ಅನ್ನೋದು ಬೇರೆ, ನೋಡೋಕೆ ಚೆನ್ನಾಗಿದೆ ಅನ್ನೋದು ಬೇರೆ, ಎರಡನ್ನೂ ಬೇರೆ ಬೇರೆ ಬರೀತೀನಿ.

ಇನ್ನು ಸೀಲ್ಡ್, ಅಂದ್ರೆ ಫ್ಯಾಕ್ಟರಿಯ ಪ್ಲಾಸ್ಟಿಕ್ ಬಿಚ್ಚೇ ಇಲ್ಲ ಅಂತ ಮಾರೋ ಗೇಮ್‌ಗಳು. ಆಗಿನ ಕಾಲದಲ್ಲಿ ಎಷ್ಟೋ ಅಂಗಡಿಯೋರ ಹತ್ರನೇ ಬಾಕ್ಸಿಗೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತೋ ಶ್ರಿಂಕ್‌ರ‍್ಯಾಪ್ ಮಷಿನ್ ಇರ್ತಿತ್ತು, ಗಿರಾಕಿ ವಾಪಸ್ ಕೊಟ್ಟಿದ್ದನ್ನ ಮತ್ತೆ ಸುತ್ತಿ ಶೆಲ್ಫಿಗೆ ಇಡೋರು. ಅಂಗಡಿಯ ಬೆಲೆ ಚೀಟಿ ಪ್ಲಾಸ್ಟಿಕ್ಕಿನ ಒಳಗಡೆ ಬಾಕ್ಸ್ ಮೇಲೇ ಅಂಟಿದ್ರೆ ಅದು ಫ್ಯಾಕ್ಟರಿ ಸೀಲ್ ಅಲ್ಲ, ಅಷ್ಟೇ. ಚೀಟಿ ಇಲ್ದೇ ಇದ್ರೆ ಪ್ಲಾಸ್ಟಿಕ್ಕಿನ ಅಂಚು ಸೇರಿಸಿದ ಗೆರೆ ಎಲ್ಲಿ ಬಂದಿದೆ, ಗಾಳಿ ಹೋಗೋ ಸಣ್ಣ ತೂತು ಇದ್ಯಾ ಅಂತ ಅದೇ ಕಂಪ್ನಿಯ ಬೇರೆ ಬಾಕ್ಸ್ ಪಕ್ಕ ಇಟ್ಟು ನೋಡ್ತೀನಿ. ಆಗ್ಲೂ ಡೌಟ್ ಉಳಿದ್ರೆ 'ರ‍್ಯಾಪ್ ಇದೆ, ಫ್ಯಾಕ್ಟರಿದೋ ಅಂಗಡಿದೋ ಗೊತ್ತಿಲ್ಲ' ಅಂತ್ಲೇ ಬರೀತೀನಿ, ರೇಟ್ ಕಮ್ಮಿ ಬಂದ್ರೂ ಪರ್ವಾಗಿಲ್ಲ.