ಒಬ್ಬರೇ ಈಸುವುದಾದರೆ ಏರುವ ದಾರಿ ಮೊದಲು

ನೀರಿಗೆ ಎಲ್ಲಿಂದ ಬೇಕಾದರೂ ಇಳಿಯಬಹುದು. ಏರುವುದಕ್ಕೆ ಮಾತ್ರ ಜಾಗ ಬೇಕು. ಕಲಬುರಗಿ, ಬೀದರ, ಯಾದಗಿರಿ ಕಡೆಯ ಹೊಳೆ, ಕೆರೆ, ಬಾವಿಗಳಲ್ಲಿ ಒಬ್ಬನೇ ಈಸುವ ನಾನು ಯಾವ ನೀರನ್ನಾದರೂ ಮೊದಲು ಅಳೆಯುವುದು ಹೀಗೆ: ಕೈ ಸೋತು, ಒಂದು ಕಾಲು ಹಿಡಿದುಕೊಂಡಿದ್ದರೂ ಇಲ್ಲಿಂದ ಯಾರ ಸಹಾಯವಿಲ್ಲದೆ ಮೇಲೆ ಬರಬಹುದೇ? ಬರಲಾಗದು ಎನಿಸಿದರೆ ನೀರು ಎಷ್ಟೇ ತಿಳಿಯಾಗಿರಲಿ, ಇಳಿಯುವುದಿಲ್ಲ. ದಂಡೆಯ ಮೇಲೆ ಹಗ್ಗ ಹಿಡಿದು ಒಬ್ಬರು ಕೂತಿದ್ದರೆ ಎಲ್ಲಕ್ಕಿಂತ ಚಲೋ. ಅದು ಸಾಧ್ಯವಿಲ್ಲದ ದಿನಗಳಿಗೆ ಈ ಮಾತುಗಳು. ಈಸು ಇನ್ನೂ ಕಲಿಯುತ್ತಿರುವವರಿಗೆ ಇವು ಅನ್ವಯಿಸುವುದಿಲ್ಲ. ಈಸುಗೊಳದಲ್ಲಿ ನಿಲ್ಲದೆ 500 ಮೀಟರ್ ಈಸಿ, ಆಮೇಲೆ ಹತ್ತು ನಿಮಿಷ ಅಂಗಾತ ತೇಲಲು ಬರುವವರು ಮಾತ್ರ ಮುಂದೆ ಓದಿ ಪ್ರಯೋಜನ.

ಈ ಲೆಕ್ಕಕ್ಕೆ ಸಿಕ್ಕಿ ಮೊದಲು ಬಿದ್ದುಹೋಗುವುದು ಶಹಾಬಾದ್, ವಾಡಿ, ಸೇಡಂ ಸುತ್ತಲಿನ ಹಳೆಯ ಕಲ್ಲುಗಣಿಗಳು. ನೆಲಕ್ಕೆ ಹಾಸುವ ಪರ್ಸಿಕಲ್ಲು ಎಬ್ಬಿಸಿ ಬಿಟ್ಟ ಗುಂಡಿಯ ಗೋಡೆ ನೆಟ್ಟಗೆ ನಿಂತಿರುತ್ತದೆ. ಪದರಗಳ ಅಂಚು ಹರಿತ, ಹಿಡಿದರೆ ಕಲ್ಲಿನ ಪದರವೇ ಕಿತ್ತು ಕೈಗೆ ಬರುತ್ತದೆ. ಮಳೆನೀರು ಒಳಗೆ ಹರಿದುಬರುವ ರಸ್ತೆ, ಅಂದರೆ ಹಿಂದೆ ಟ್ರ್ಯಾಕ್ಟರ್ ಇಳಿಯುತ್ತಿದ್ದ ಇಳಿಜಾರು, ಒಂದೇ ಕಡೆ ಇರುತ್ತದೆ. ಅದರಿಂದ ನೂರು ಮೀಟರ್ ದೂರ ಹೋದಮೇಲೆ ಸುಸ್ತಾದರೆ ಹತ್ತಿರದ ಗೋಡೆ ಎರಡು ಮೀಟರ್‌ನಲ್ಲಿದ್ದರೂ ಉಪಯೋಗವಿಲ್ಲ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಿದ್ದು ಎರಡಾಳು ಕೆಳಗೆ ತಣ್ಣಗಿರುತ್ತದೆ. ಜಿಗಿದವನಿಗೆ ಆ ತಂಪು ತಾಗಿದ ಕೂಡಲೇ ಬಾಯಿ ತಾನಾಗಿ ತೆರೆದು ಉಸಿರು ಒಳಗೆಳೆಯುತ್ತದೆ, ತಲೆ ನೀರೊಳಗಿರುವಾಗಲೇ. ಗಣಿಯಲ್ಲಿ ಒಬ್ಬನೇ ನಾನು ಈಸುವುದಿಲ್ಲ.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಅದೇ ಸಾಲಿಗೆ ಸೇರುತ್ತದೆ, ಆಳ ಮೂರೇ ಮೀಟರ್ ಇದ್ದರೂ. ಇಳಿಜಾರಿನ ಹಾಳೆಯ ಮೇಲೆ ಪಾಚಿ ಕಟ್ಟಿದಮೇಲೆ ಕಾಲೂರಿದಷ್ಟೂ ಕೆಳಗೆ ಜಾರುತ್ತದೆ. ಚಲೋ ಈಸುವವರೂ ಅಲ್ಲಿ ಸೋಲುವುದು ಏರಲು ಹೆಣಗಿಯೇ. ಹೊಂಡ ನಿಮ್ಮದೇ ಆಗಿದ್ದರೆ ನಾಲ್ಕೂ ಬದಿಗೆ ಒಂದೊಂದು ಹಗ್ಗ ಇಳಿಬಿಡಿ. ಹೆಬ್ಬೆರಳು ಗಾತ್ರದ ಹಗ್ಗ, ಅಡಿಗೊಂದು ಗಂಟು, ಮೇಲ್ತುದಿ ನೆಲದಲ್ಲಿ ಹೂತ ಗೂಟಕ್ಕೆ, ಕೆಳತುದಿ ಬೇಸಿಗೆಯ ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ. ಈಸುವುದಕ್ಕೆ ಅಲ್ಲ, ಎಮ್ಮೆಗೆ ನೀರು ತರಲು ಹೋದ ಹುಡುಗ ಜಾರಿದಾಗ ಬೇಕಾಗುತ್ತದೆ.

ನಾರಾಯಣಪುರ ಎಡದಂಡೆ ಕಾಲುವೆ ಬಗ್ಗೆ ಚರ್ಚೆಯೇ ಬೇಡ. ಸುರಪುರ, ಶಹಾಪುರ ಕಡೆ ಹುಡುಗರು ಇಳಿಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಿಮೆಂಟಿನ ಇಳಿಜಾರು, ಪಾಚಿ, ಒಂದೇ ಸಮನೆ ಓಡುವ ನೀರು, ಮುಂದೆ ಗೇಟು. ಕಾಲುವೆ ಈಸುವ ಜಾಗವಲ್ಲ.

ಇನ್ನು ಹೊಳೆ. ಭೀಮೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮೂರಲ್ಲಿ ಮಳೆ ಬಿದ್ದಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿಗೆ ಬರುತ್ತದೆ, ಅಲ್ಲಿ ಗೇಟು ಎತ್ತಿದರೆ ಕೆಳಗಿನ ಊರುಗಳಿಗೆ ಬಿಸಿಲಲ್ಲೇ ಹೊಳೆ ಏರುತ್ತದೆ. ಕೃಷ್ಣೆಗೆ ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳು. ಹಾಗಾಗಿ ಆ ತಿಂಗಳುಗಳಲ್ಲಿ ಹೊಳೆಗೆ ಇಳಿಯುವುದನ್ನೇ ಬಿಟ್ಟಿದ್ದೇನೆ. ಉಳಿದ ತಿಂಗಳುಗಳಲ್ಲೂ ಇಳಿಯುವ ಮೊದಲು ನೀರಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚುತ್ತೇನೆ. ಪ್ರತಿ ಸುತ್ತಿಗೂ ಅದನ್ನು ನೋಡುವುದು. ನೀರು ನಾಲ್ಕು ಬೆರಳು ಏರಿದ್ದರೆ, ತಿಳಿನೀರು ತಟ್ಟನೆ ಕದಡಿದರೆ, ನೊರೆ, ಕಸಕಡ್ಡಿ ತೇಲಿಬರತೊಡಗಿದರೆ ಅರ್ಧ ಸುತ್ತನ್ನು ಅಲ್ಲಿಗೇ ಬಿಟ್ಟು ಏರಬೇಕು.

ಸೆಳವು ಅಳೆಯಲು ಇನ್ನೊಂದು ಕಡ್ಡಿ ಸಾಕು. ನೀರಿಗೆ ಎಸೆದು ಹತ್ತು ಸೆಕೆಂಡು ಎಣಿಸುತ್ತ ದಂಡೆಯ ಮೇಲೆ ಅದರ ಜೊತೆ ನಡೆಯಿರಿ. ನೂರು ಮೀಟರ್‌ಗೆ ಎರಡೂವರೆ ನಿಮಿಷ ತೆಗೆದುಕೊಳ್ಳುವವರು ನಿಂತ ನೀರಿನಲ್ಲಿ ಹತ್ತು ಸೆಕೆಂಡಿಗೆ ಆರೂವರೆ ಮೀಟರ್ ಹೋಗುತ್ತಾರೆ. ಕಡ್ಡಿ ನಾಲ್ಕು ಹೆಜ್ಜೆ, ಅಂದರೆ ಸುಮಾರು ಮೂರು ಮೀಟರ್ ಹೋಯಿತೆಂದರೆ ನಿಮ್ಮ ಬಲದ ಅರ್ಧಭಾಗ ಹೊಳೆಗೇ ಹೋಯಿತು. ಅದಕ್ಕಿಂತ ಹೆಚ್ಚಾದರೆ ಇಳಿಯಬೇಡಿ. ಕಡಿಮೆಯಿದ್ದರೂ ಮೊದಲು ಸೆಳವಿಗೆ ಎದುರಾಗಿ ಈಸಿ, ಬರುವಾಗ ಸೆಳವಿನ ಜೊತೆ ಬನ್ನಿ. ಉಲ್ಟಾ ಮಾಡಿದವರು ಹೋಗುವಾಗ ಭಾರಿ ಹುರುಪಿನಲ್ಲಿರುತ್ತಾರೆ, ಬರುವಾಗ ದಂಡೆ ಹತ್ತಿರ ಬರುವುದೇ ಇಲ್ಲ.

ಮರಳು ತೆಗೆದ ಕಡೆ ಹೊಳೆಯ ತಳ ನಂಬುವಂಥದ್ದಲ್ಲ. ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಎರಡಾಳು ಗುಂಡಿ, ಗುಂಡಿಯ ಅಂಚಿನ ಮರಳು ಕಾಲಿಟ್ಟರೆ ಕುಸಿಯುತ್ತದೆ. ಈಸಲು ಬಾರದವರು ಮುಳುಗುವುದು ಬಹಳ ಸಲ ಹೀಗೆಯೇ. ಈಸುವವರಿಗೆ ಅದಕ್ಕಿಂತ ದೊಡ್ಡ ಅಪಾಯ ಬಾಂದಾರ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ತಗ್ಗು ಗೋಡೆ. ನೀರು ದಾಟಿ ಬೀಳುವ ಕಡೆ ಕೆಳಗೆ ಹೊರಳುವ ಸುಳಿ ಬಿದ್ದವನನ್ನು ಮತ್ತೆ ಗೋಡೆಯ ಕಡೆಗೇ ಎಳೆಯುತ್ತದೆ. ಗೇಟು ಅರೆತೆರೆದಿದ್ದರೆ ಮೇಲ್ಗಡೆ ನೀರು ಶಾಂತವಾಗಿಯೇ ಕಂಡರೂ ಬುಡದಲ್ಲಿ ಸೆಳೆಯುತ್ತಿರುತ್ತದೆ. ಬ್ಯಾರೇಜು, ಬಾಂದಾರ, ಜಲಾಶಯದ ತೂಬು, ಕುಡಿಯುವ ನೀರೆತ್ತುವ ಜಾಕ್‌ವೆಲ್ ಬಾವಿ, ಇವುಗಳಿಂದ ಅರ್ಧ ಕಿಲೋಮೀಟರ್ ದೂರ ಎಂಬುದು ನನ್ನ ಲೆಕ್ಕ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಲ್ಲಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ನೀರಂಚಿಗೇ ಹೋಗುವುದಿಲ್ಲ.

ಯಾರೂ ಹೇಳದ ಒಂದು ಅಪಾಯ ಪಂಪ್‌ಸೆಟ್. ದಂಡೆಯುದ್ದಕ್ಕೂ ಮೋಟಾರು, ನೀರಿಗಿಳಿದ ಕೇಬಲ್, ಜಾಯಿಂಟಿಗೆ ಸುತ್ತಿದ ಟೇಪು. ಆ ಟೇಪು ಬಿಚ್ಚಿಕೊಂಡಿದ್ದರೆ ಸುತ್ತಲಿನ ನೀರಿಗೆ ಕರೆಂಟು ಹರಿಯುತ್ತದೆ. ಸ್ನಾಯು ಸೆಟೆದವನು ಕೂಗಲೂ ಆಗದೆ ಮುಳುಗುತ್ತಾನೆ. ಕೇಬಲ್ ಕಂಡ ಕಡೆಯಿಂದ ಐವತ್ತು ಮೀಟರ್ ದೂರ, ಮೋಟಾರು ಸದ್ದು ಮಾಡುತ್ತಿರಲಿ ಬಿಡಲಿ. ತ್ರೀ ಫೇಸ್ ಯಾವಾಗ ಬರುತ್ತದೆಂದು ಕರೆಂಟಿನವರಿಗೇ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಕಳೆದಮೇಲೆ, ಸೆಳವು ಕಡಿಮೆಯಿರುವ ತಿಂಗಳ ಹೊಳೆ ಬಿಟ್ಟರೆ, ಒಬ್ಬರೇ ಈಸಲು ಉಳಿಯುವುದು ಮೆಟ್ಟಿಲಿರುವ ಬಾವಿ, ಮತ್ತು ನಿರ್ಬಂಧದ ಫಲಕವಿಲ್ಲದ ಕೆರೆ, ಜಲಾಶಯಗಳ ಹಿನ್ನೀರು. ಹಿನ್ನೀರಿನಲ್ಲಿ ಎರಡು ಕಾಟ: ಎರೆಮಣ್ಣು, ಜಾಲಿ. ನೀರು ಇಳಿದ ಎರೆ ದಂಡೆ ಮೇಲೆ ಒಣಗಿದಂತೆ ಕಂಡು ಮೊಣಕಾಲವರೆಗೆ ನುಂಗುತ್ತದೆ. ಹೂತ ಕಾಲನ್ನು ನೇರ ಮೇಲಕ್ಕೆ ಎಳೆಯಬೇಡಿ. ಹೊಟ್ಟೆಯ ಮೇಲೆ ಒರಗಿ, ಕಾಲನ್ನು ಅತ್ತಿತ್ತ ಆಡಿಸಿ ನೀರು ಒಳಹೋಗಲು ಬಿಟ್ಟರೆ ಮಣ್ಣು ಸಡಿಲಾಗುತ್ತದೆ, ಆಮೇಲೆ ತೆವಳಿ ಬನ್ನಿ. ಗರಸು ಅಥವಾ ಕಲ್ಲಿನ ದಂಡೆಯನ್ನೇ ಹುಡುಕುವುದು ಇನ್ನೂ ಒಳ್ಳೆಯದು. ಬಳ್ಳಾರಿ ಜಾಲಿ ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಬೆಳೆದು ಮಳೆಗಾಲದಲ್ಲಿ ಮುಳುಗುತ್ತದೆ, ಮುಳ್ಳು ಬೇಗ ಕೊಳೆಯುವುದಿಲ್ಲ. ಆದ್ದರಿಂದ ಈಸುವ ಜಾಗವನ್ನು ಮೇ ತಿಂಗಳಲ್ಲಿ ನೀರು ಕಡಿಮೆಯಿದ್ದಾಗ ನಡೆದು ನೋಡಿ ಇಡುತ್ತೇನೆ: ಹಳೆಯ ಬಾವಿ ಎಲ್ಲಿದೆ, ಹಳ್ಳದ ಪಾತ್ರ ಎಲ್ಲಿ ತಿರುಗಿದೆ, ಜಾಲಿ ಎಲ್ಲಿ ದಟ್ಟವಾಗಿದೆ. ಬಲೆಯ ವಿಷಯ ಮೀನು ಹಿಡಿಯುವವರನ್ನೇ ಕೇಳಬೇಕು. ‘ಕಾಕಾ, ಬಲಿ ಯಾವ ಕಡಿ ಬಿಟ್ಟೀರಿ?’ ಅಂದರೆ ಕೈ ಮಾಡಿ ತೋರಿಸುತ್ತಾರೆ, ಮೇಲಾಗಿ ನೀವು ನೀರಲ್ಲಿದ್ದೀರಿ ಎಂಬುದು ಇನ್ನೊಬ್ಬರಿಗೆ ತಿಳಿದಂತಾಗುತ್ತದೆ.

ಸಾಮಾನು ಹೆಚ್ಚೇನಿಲ್ಲ. ಕಿತ್ತಳೆ ಅಥವಾ ಗುಲಾಬಿ ಬಣ್ಣದ ಟೋಪಿ. ನೀಲಿ, ಹಸಿರು, ಬಿಳಿ ಟೋಪಿ ನೀರಲ್ಲಿ ಕಾಣುವುದಿಲ್ಲ. ಕೊರಳಿಗೆ ಒಂದು ಪ್ಲಾಸ್ಟಿಕ್ ಸೀಟಿ. ಹಿಂದೆ ಎಳೆದುಕೊಂಡು ಹೋಗುವ ತೇಲುಚೀಲ ಕೊಳ್ಳಲು ಸಿಗುತ್ತದೆ, ಇಲ್ಲವೆಂದರೆ ಐದು ಲೀಟರಿನ ಎಣ್ಣೆ ಡಬ್ಬಿ ಸಾಕು. ದೊಡ್ಡವರ ಲೈಫ್ ಜಾಕೆಟ್ ಮೇಲೆ 50 ನ್ಯೂಟನ್ ಎಂದು ಬರೆದಿದ್ದರೆ ಅದು ಸುಮಾರು 5 ಕೆಜಿ ತೇಲುವ ಬಲ, ಡಬ್ಬಿಯದೂ ಹೆಚ್ಚುಕಡಿಮೆ ಅಷ್ಟೇ. ಒಳಗೆ ತೊಳೆದು ಒಣಗಿಸಿ, ಮುಚ್ಚಳದ ತಿರುಪಿಗೆ ನಲ್ಲಿಯವರ ಟೆಫ್ಲಾನ್ ಟೇಪು ನಾಲ್ಕು ಸುತ್ತು ಸುತ್ತಿ ಬಿಗಿ ಮಾಡಿ, ರಾತ್ರಿಯಿಡೀ ಬಕೆಟ್ಟಿನ ನೀರಿನಲ್ಲಿ ಅದುಮಿಟ್ಟು ಸೋರುವುದೇ ನೋಡಿ. ಮೇಲೆ ಕಿತ್ತಳೆ ಬಟ್ಟೆ ಹೊಲಿಯಿರಿ. ಸೊಂಟಕ್ಕೆ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ, ಡಬ್ಬಿಗೆ ಒಂದೂವರೆ ಮೀಟರ್ ಪಟ್ಟಿ, ತೆಳು ನೈಲಾನ್ ದಾರ ಬೇಡ, ಕಾಲಿಗೆ ಸುತ್ತಿ ಕೊಯ್ಯುತ್ತದೆ. ಮುಖ್ಯವಾದದ್ದು ಬಕಲ್. ಶಾಲೆ ಬ್ಯಾಗಿನ ಥರದ್ದು, ಒಂದೇ ಕೈಯಲ್ಲಿ ಚಿವುಟಿದರೆ ಬಿಚ್ಚಬೇಕು. ಪಟ್ಟಿ ಜಾಲಿಗೆ ಸಿಕ್ಕಿಕೊಂಡಾಗ ಗಂಟು ಬಿಚ್ಚುತ್ತ ಕೂರಲು ನೀರಲ್ಲಿ ಹೊತ್ತಿರುವುದಿಲ್ಲ. ಒಂದು ಮಾತು: ಡಬ್ಬಿ ಅಪ್ಪಿಕೊಂಡವನನ್ನು ತೇಲಿಸುತ್ತದೆ. ಎಚ್ಚರ ತಪ್ಪಿದವನ ಮುಖ ಮೇಲೆತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ.

ಫೋನನ್ನು ನೀರು ಹೋಗದ ಚೀಲದಲ್ಲಿ ಡಬ್ಬಿಗೆ ಕಟ್ಟುತ್ತೇನೆ. ಹೊಸ ಚೀಲವಾದರೆ ಫೋನಿನ ಬದಲು ಟಿಶ್ಯೂ ಕಾಗದ ಹಾಕಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷಿಸಿ. ಒದ್ದೆ ಬೆರಳಿಗೆ ಸ್ಕ್ರೀನ್ ಕೇಳುವುದಿಲ್ಲ, ಪವರ್ ಬಟನ್ ಬೆನ್ನುಬೆನ್ನಿಗೆ ಹಲವು ಸಲ ಒತ್ತಿದರೆ 112ಕ್ಕೆ ಕರೆ ಹೋಗುವಂತೆ ಮೊದಲೇ ಮಾಡಿಡಿ. ಮನೆಗೆ ಕಳಿಸುವ ಮೆಸೇಜ್ ಹೀಗಿರಬೇಕು: ಯಾವ ದಂಡೆ, 6.15ಕ್ಕೆ ಇಳಿಯುವೆ, 7ಕ್ಕೆ ಏರುವೆ, 7.20ಕ್ಕೆ ನನ್ನ ಫೋನ್ ಬರದಿದ್ದರೆ ನೀನು ಮಾಡು, ಎತ್ತದಿದ್ದರೆ 112. ‘ಈಸಾಕ ಹೊಂಟೀನಿ’ ಎಂದಷ್ಟೇ ಹೇಳಿ ಹೋದರೆ ಅವರು ಹುಡುಕುವುದು ಎಲ್ಲಿ?

ನೀರಲ್ಲಿ ದಂಡೆಗೆ ಸಮಾನಾಂತರವಾಗಿ, ಹದಿನೈದು ಮೀಟರ್ ಒಳಗೇ ಈಸುತ್ತೇನೆ. ಕೆರೆ ಅಡ್ಡ ದಾಟುವ ಆಸೆ ಒಬ್ಬರೇ ಇದ್ದಾಗ ಬೇಡ. ಮೊದಲ ಎರಡು ನಿಮಿಷ ಎದೆಮಟ್ಟದಲ್ಲಿ ನಿಂತು ಮುಖಕ್ಕೆ ನೀರೆರಚಿಕೊಂಡು ಉಸಿರು ಹತೋಟಿಗೆ ಬಂದಮೇಲೆ ಹೊರಡುವುದು. ಬೀದರಿನ ಜನವರಿ ಬೆಳಗಿನಲ್ಲಿ ಇದು ಇನ್ನೂ ಅಗತ್ಯ. ಎಂಟು ಹತ್ತು ಕೈಗೊಮ್ಮೆ ಕಣ್ಣೆತ್ತಿ ದಂಡೆಯ ಗುರುತು ನೋಡಿಕೊಳ್ಳಿ. ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಟ್ಟು ಮುಳುಗುವ ಪಂದ್ಯ ನಮ್ಮ ಬಾವಿಗಳಲ್ಲಿ ಮಾಮೂಲು, ಅದು ಬಹಳ ಕೆಟ್ಟದ್ದು. ಉಸಿರಾಡು ಎಂದು ಒತ್ತಾಯಿಸುವುದು ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್. ಅದನ್ನು ಮೊದಲೇ ಹೊರಹಾಕಿದರೆ ಆಮ್ಲಜನಕ ಮುಗಿದರೂ ಉಸಿರು ಬೇಕೆನಿಸುವುದಿಲ್ಲ, ಸೂಚನೆಯೇ ಇಲ್ಲದೆ ಎಚ್ಚರ ತಪ್ಪುತ್ತದೆ.

ಮೀನಖಂಡ ಹಿಡಿದುಕೊಂಡರೆ ಅಂಗಾತ ತಿರುಗಿ, ಮೊಣಕಾಲು ನೇರ ಮಾಡಿ ಕಾಲಿನ ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆಯಿರಿ. ಬಿಟ್ಟಮೇಲೂ ಆ ಕಾಲು ಬಡಿಯದೆ ಕೈಯಿಂದಲೇ ದಂಡೆ ಸೇರಿ, ಅದು ಮತ್ತೆ ಹಿಡಿಯುತ್ತದೆ. ಅಂತರಗಂಗೆ ಅಥವಾ ಬಳ್ಳಿ ಕಾಲಿಗೆ ಸುತ್ತಿದರೆ ಒದೆಯುವುದನ್ನು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಿಧಾನ ಸರಿಯಿರಿ. ಗಾಬರಿಯಾದರೆ ಡಬ್ಬಿಯನ್ನು ಎದೆಗವಚಿ, ಇಲ್ಲದಿದ್ದರೆ ಕಿವಿ ಮುಳುಗುವಷ್ಟು ತಲೆ ಹಿಂದಕ್ಕೆ ಬಿಟ್ಟು ಒಂದೆರಡು ನಿಮಿಷ ಸುಮ್ಮನೆ ತೇಲಿ. ತಲೆ ಎತ್ತಲು ಹೋದಷ್ಟೂ ಕಾಲು ಕೆಳಗೆಳೆಯುತ್ತದೆ. ಗುಡುಗು ಕೇಳಿದರೆ ಹೊರಗೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೇ.

ಏಪ್ರಿಲ್, ಮೇ ತಿಂಗಳ ಬೆಚ್ಚಗಿನ ನಿಂತ ನೀರಿನಲ್ಲಿ ಮೂಗಿಗೆ ಕ್ಲಿಪ್ ಹಾಕುತ್ತೇನೆ. ಮಿದುಳಿಗೆ ಹತ್ತುವ ಅಮೀಬಾ ಒಳಹೋಗುವುದು ಮೂಗಿನಿಂದ. ಅಪರೂಪದ ರೋಗ, ಆದರೆ ಬಂದರೆ ಉಳಿಯುವವರು ಕಡಿಮೆ. ಈಸಿದ ಹನ್ನೆರಡು ದಿನದೊಳಗೆ ಜೋರು ತಲೆನೋವು, ಜ್ವರ, ಕತ್ತು ಬಿಗಿತ ಬಂದರೆ ವೈದ್ಯರಿಗೆ ಕೆರೆಯಲ್ಲಿ ಈಸಿದ್ದನ್ನು ತಪ್ಪದೆ ಹೇಳಿ. ಹಾಗೆಯೇ ನೀರು ಕುಡಿದು ಕೆಮ್ಮಿದವರು ಕೆಲವು ಗಂಟೆ ಒಬ್ಬರೇ ಇರಬಾರದು. ಕೆಮ್ಮು ನಿಲ್ಲದೆ ಉಸಿರು ಕಟ್ಟತೊಡಗಿದರೆ, ಮಂಪರು ಬಂದರೆ ಮಲಗಲು ಬಿಡದೆ 108 ಕರೆಯಬೇಕು.