ಮೂರು ಕಿಲೋ ಮೈ, ಮೂವತ್ತು ಕಿಲೋ ಧೈರ್ಯ: ಯಾರ್ಕಿ ಸಾಕುವುದು ಹೇಗೆ?

ಯಾರ್ಕ್‌ಷೈರ್ ಟೆರಿಯರ್, ಅಂದರೆ ಯಾರ್ಕಿ ಎಂಬ ಪುಟ್ಟ ನಾಯಿಯನ್ನು ಕೊಳ್ಳುವವರು ಮನಸೋಲುವುದು ಅದರ ಕೂದಲಿಗೆ. ಮನೆಗೆ ಬಂದ ಮೇಲೆ ಗೊತ್ತಾಗುವುದು ಅದರ ಸ್ವಭಾವ. ಕಾಲಿಂಗ್ ಬೆಲ್ ಸದ್ದಾದರೆ ಮನೆ ಹಾರಿಹೋಗುವಂತೆ ಬೊಗಳುತ್ತದೆ, ಬೀದಿಯಲ್ಲಿ ತನ್ನ ಹತ್ತರಷ್ಟಿರುವ ನಾಯಿಯ ಮೇಲೆ ಏರಿ ಹೋಗುತ್ತದೆ, ಸೋಫಾದ ಮೂಲೆ ಕೆರೆಯುತ್ತದೆ. ಚಾಳಿ ಎಂದು ಬೈದು ಪ್ರಯೋಜನವಿಲ್ಲ, ಹುಟ್ಟುಗುಣ ಅದು. 19ನೇ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ನೇಕಾರರು ಹೊಟ್ಟೆಪಾಡಿಗಾಗಿ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಗಿರಣಿ ಊರುಗಳಿಗೆ ಬಂದರು. ಅವರ ಜತೆ ಬಂದ ಪುಟ್ಟ ಟೆರಿಯರ್‌ಗಳಿಂದ ಬೆಳೆದ ತಳಿ ಇದು. ಇಲಿ ಹಿಡಿಯುವುದು ಇದರ ಕಸುಬಾಗಿತ್ತು. ತಳಿಯ ಮೂಲಪುರುಷ ಎನಿಸಿಕೊಂಡ ಹಡರ್ಸ್‌ಫೀಲ್ಡ್ ಬೆನ್ ಎಂಬ ಗಂಡು ನಾಯಿ (1865–1871) ಪ್ರದರ್ಶನಗಳಲ್ಲಿ ಬಹುಮಾನ ಗೆದ್ದಂತೆ ಇಲಿ ಕೊಲ್ಲುವ ಪಂದ್ಯಗಳಲ್ಲೂ ಗೆದ್ದವನು.

ಹಾಗಾಗಿ ಮೈಯನ್ನು ಗಾಜಿನ ಬಳೆಯಂತೆ ನೋಡಿಕೊಳ್ಳಿ, ಬುದ್ಧಿ ಕಲಿಸುವಾಗ ಮಾತ್ರ ಲ್ಯಾಬ್ರಡಾರ್‌ಗೆ ಕಲಿಸುವಷ್ಟೇ ಗಟ್ಟಿಯಾಗಿರಿ. ಬಹಳ ಮನೆಗಳಲ್ಲಿ ಇದು ಉಲ್ಟಾ ಆಗಿರುತ್ತದೆ.

ಮರಿ ಆರಿಸುವಾಗ

ನಾಯಿ ತಳಿಗಳ ಲಕ್ಷಣ ಗೊತ್ತುಮಾಡುವ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್ ಈ ತಳಿಗೆ ಹೇಳುವ ತೂಕ 3.2 ಕಿಲೋವರೆಗೆ. ‘ಟೀಕಪ್’ ಎಂಬ ಬೇರೆ ತಳಿಯೇ ಇಲ್ಲ, ಅದು ಮಾರುವವರು ಕಟ್ಟಿದ ಹೆಸರು. ಹೆಚ್ಚು ದುಡ್ಡು ಕೊಟ್ಟು ತರುವ ಆ ಅತಿ ಸಣ್ಣ ಮರಿಗಳಿಗೆ ಆಸ್ಪತ್ರೆಯ ಓಡಾಟವೂ ಹೆಚ್ಚು. ತಾಯಿನಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ವ್ಯವಹಾರ ಬೇಡ. ಮರಿ ಕಪ್ಪು-ಕಂದು ಬಣ್ಣದಲ್ಲಿರುವುದು ಕಂಡು ಗಾಬರಿಯಾಗಬೇಡಿ. ಫೋಟೋಗಳಲ್ಲಿ ಕಾಣುವ ಉಕ್ಕಿನ ನೀಲಿ ನಿಧಾನಕ್ಕೆ ಬರುತ್ತದೆ, ಪೂರ್ತಿ ಕೂರಲು ಎರಡು-ಮೂರು ವರ್ಷ ಹಿಡಿಯಬಹುದು. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಿದ ಮರಿಯನ್ನು ತರಲೇಬಾರದು. ಈ ತಳಿಯಲ್ಲಿ ಹತ್ತು-ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು.

ಮೊದಲ ವಾರಗಳು

ಇಷ್ಟು ಚಿಕ್ಕ ಮರಿಯ ಮೈಯಲ್ಲಿ ಸಕ್ಕರೆಯ ಸಂಗ್ರಹವೇ ಕಡಿಮೆ. ಒಂದು ಹೊತ್ತು ಊಟ ತಪ್ಪಿದರೆ, ಚಳಿಯಾದರೆ, ನೆಂಟರ ಮಕ್ಕಳು ಆಡಿಸಿ ಸುಸ್ತು ಮಾಡಿದರೆ ರಕ್ತದ ಸಕ್ಕರೆ ಕುಸಿದುಬಿಡುತ್ತದೆ. ಮರಿ ಮಂಕಾಗಿ ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಆಗ ಸಕ್ಕರೆ ಪಾಕವನ್ನೋ ಗ್ಲೂಕೋಸ್ ನೀರನ್ನೋ ಬೆರಳಿಗೆ ಹಚ್ಚಿ ವಸಡಿಗೆ ಸವರಿ ಕೂಡಲೇ ಪಶುವೈದ್ಯರಲ್ಲಿಗೆ ಹೊರಡಿ. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ನೀರು ಹೊಯ್ಯಬಾರದು. ನಾಲ್ಕೈದು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಉಣಿಸುವುದೇ ಇದಕ್ಕೆ ಮದ್ದು.

ಸರಿಯಾಗಿ ತಿಂದರೂ ಮೈ ಹಿಡಿಯದೆ, ಊಟವಾದ ಮೇಲೆ ಪದೇಪದೇ ಮಂಕಾಗುವ ಮರಿಯದು ಬೇರೆ ಕಥೆ. ಕರುಳಿನ ರಕ್ತ ಯಕೃತ್ತಿಗೆ ಹೋಗದೆ ಅಡ್ಡದಾರಿ ಹಿಡಿಯುವ ಹುಟ್ಟುದೋಷ ಯಾರ್ಕಿಗಳಲ್ಲಿ ಉಳಿದ ತಳಿಗಳಿಗಿಂತ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ.

ಬುದ್ಧಿ ಕಲಿಸುವುದು

ಎರಡನೇ ಮಹಾಯುದ್ಧದ ಕಾಲ, 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಅಮೆರಿಕದ ಸೈನಿಕರಿಗೆ ಒಂದು ಯಾರ್ಕಿ ಸಿಕ್ಕಿತು. ಅದಕ್ಕೆ ಸ್ಮೋಕಿ ಎಂದು ಹೆಸರಿಟ್ಟರು, ತೂಕ ಎರಡು ಕಿಲೋ ಕೂಡ ಇರಲಿಲ್ಲ. ಮುಂದೆ ಫಿಲಿಪ್ಪೀನ್ಸಿನ ಲೂಝಾನ್‌ನಲ್ಲಿ ವಿಮಾನ ಇಳಿಯುವ ಪಟ್ಟಿಯ ಅಡಿ ದೂರವಾಣಿ ತಂತಿ ಎಳೆಯಬೇಕಾಯಿತು. ಎಂಟು ಇಂಚು ಅಗಲದ, ಸುಮಾರು 70 ಅಡಿ ಉದ್ದದ ಕೊಳವೆಯೊಳಗೆ ತಂತಿ ಕಟ್ಟಿಸಿಕೊಂಡು ತೂರಿ ಹೋದದ್ದು ಸ್ಮೋಕಿ. ಕೊಳವೆಯ ಆ ತುದಿಯಲ್ಲಿ ನಿಂತು ಕರೆದವರು ಅದರ ಯಜಮಾನ ಬಿಲ್ ವಿನ್. ಪಾಪ, ಇದಕ್ಕೇನು ಕಲಿಸುವುದು ಎನ್ನುವವರಿಗೆ ಈ ಕಥೆ ಹೇಳುತ್ತೇನೆ.

ಬೊಗಳುವುದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ, ಆಗದ ಕೆಲಸ. ಬಾಗಿಲಿನಿಂದ ಆರೇಳು ಅಡಿ ದೂರದಲ್ಲಿ ಒಂದು ಚಾಪೆ ಹಾಸಿ. ಮನೆಯವರೇ ಒಬ್ಬರು ಹೊರಗಿನಿಂದ ಬೆಲ್ ಒತ್ತಲಿ. ಎರಡು ಸಲ ಬೊಗಳಲು ಬಿಟ್ಟು, ಮೆಲ್ಲನೆ ‘ಸಾಕು’ ಎಂದು ಕಡಲೆಬೇಳೆಯಷ್ಟು ಬೇಯಿಸಿದ ಕೋಳಿ ಚೂರನ್ನು ಚಾಪೆಯ ಮೇಲೆ ಹಾಕಿ. ಚಾಪೆಯಲ್ಲಿ ಕೂತ ಮೇಲಷ್ಟೇ ಬಾಗಿಲು ತೆರೆಯಿರಿ. ನಾವು ಕೂಗಿದರೆ ನಾವೂ ಜತೆಗೆ ಬೊಗಳುತ್ತಿದ್ದೇವೆ ಎಂದುಕೊಂಡು ಅದರ ಉಮೇದು ಇನ್ನೂ ಏರುತ್ತದೆ. ಕೆರೆಯುವ ಚಟಕ್ಕೆ ರಟ್ಟಿನ ಡಬ್ಬಿಯಲ್ಲಿ ಹಳೆ ಪೇಪರು ತುಂಬಿ ತಳದಲ್ಲಿ ತಿಂಡಿ ಬಚ್ಚಿಡಿ, ಸೋಫಾ ಉಳಿಯುತ್ತದೆ.

ಬೀದಿನಾಯಿ ಕಂಡ ಕೂಡಲೇ ನಿಮ್ಮ ಯಾರ್ಕಿಯನ್ನು ಎತ್ತಿಕೊಂಡು ಮುದ್ದಾಡುವುದನ್ನು ಬಿಡಿ. ದೂರದಲ್ಲಿರುವಾಗಲೇ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳಿ, ಸುಮ್ಮನೆ ಬಂದರೆ ಶಹಬ್ಬಾಸ್ ಹೇಳಿ.

ಇಲಿಯ ಹುಚ್ಚು ಈಗಲೂ ಹೋಗಿಲ್ಲ. ಇಲಿ ಪಾಷಾಣ ಇಡುವ ಮನೆಯಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇದು ದೊಡ್ಡ ಅಪಾಯ. ಕೆಲವು ಪಾಷಾಣಗಳ ಪರಿಣಾಮ ಎರಡು-ಮೂರು ದಿನದ ಮೇಲೆ ಕಾಣುತ್ತದೆ. ತಿಂದಿರಬಹುದೆಂಬ ಅನುಮಾನ ಬಂದರೂ ಸಾಕು, ಪೊಟ್ಟಣದ ಸಮೇತ ವೈದ್ಯರ ಹತ್ತಿರ ಓಡಿ.

ಕೂದಲು

ಯಾರ್ಕಿಗೆ ಒಳಪದರದ ತುಪ್ಪಳವಿಲ್ಲ. ಇರುವ ಒಂದೇ ಪದರ ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ನೆಲದ ಮೇಲೆ ಉದುರುವುದು ಕಡಿಮೆ, ಉದುರಿದ್ದು ಅಲ್ಲೇ ಸಿಕ್ಕಾಗುವುದು ಜಾಸ್ತಿ. ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟು ಉಜ್ಜುವ ಜಾಗದಲ್ಲಿ ದಿನಾ ಬೆರಳಾಡಿಸಿ ನೋಡಬೇಕು. ಒಣ ಕೂದಲನ್ನು ಹಾಗೇ ಬಾಚಿದರೆ ಎಳೆ ತುಂಡಾಗುತ್ತದೆ. ನಾಯಿಯ ಕಂಡೀಷನರನ್ನು ನೀರಿಗೆ ಒಂದಿಷ್ಟು ಬೆರೆಸಿ ಚಿಮುಕಿಸಿ, ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಬನ್ನಿ. ಸಿಕ್ಕು ಸಿಕ್ಕಿತೋ, ಅದರ ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ, ಚರ್ಮ ಜಗ್ಗಬಾರದು. ಇನ್ನೊಂದು ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ, ಆಮೇಲೆ ಸ್ಟೀಲ್ ಬಾಚಣಿಗೆ. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಗಟ್ಟಿಯಾಗಿ ಕತ್ತರಿಯೇ ಗತಿ.

ಸ್ನಾನ ಎರಡು-ಮೂರು ವಾರಕ್ಕೊಮ್ಮೆ ಸಾಕು, ನಾಯಿಯ ಶಾಂಪೂವಿನಲ್ಲೇ. ನೆಲ ಮುಟ್ಟುವ ಕೂದಲು ಪ್ರದರ್ಶನಕ್ಕೆ ಚೆನ್ನ. ನಮ್ಮ ಧೂಳು, ಮಳೆ, ಕೆಸರಿಗೆ ಒಂದಿಂಚಿಗೆ ಕತ್ತರಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೂ ಬಾಚುವುದು ತಪ್ಪದು.

ಹಲ್ಲು, ಕುತ್ತಿಗೆ, ಮಂಡಿ

ಆರೇಳು ತಿಂಗಳಿಗೆ ತುಟಿ ಎತ್ತಿ ನೋಡಿ. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಾಲುಹಲ್ಲೂ ನಿಂತಿದ್ದರೆ ತೆಗೆಸಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಕೊಳೆ ಕೂರುತ್ತದೆ. ದಿನಾ ಹಲ್ಲುಜ್ಜಿ. ನಮ್ಮ ಟೂತ್‌ಪೇಸ್ಟ್ ಬೇಡ, ನಾಯಿಯದೇ ಇರಲಿ.

ಈ ತಳಿಯ ಶ್ವಾಸನಾಳ ಕುಸಿಯುವ ಸ್ವಭಾವದ್ದು, ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಬರುತ್ತದೆ. ಚೈನನ್ನು ಕೊರಳಪಟ್ಟಿಗೆ ಸಿಕ್ಕಿಸದೆ ಎದೆಗೆ ಹಾಕುವ ಹಾರ್ನೆಸ್ ಬಳಸಿ. ನಡೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಒಂದು ಹಿಂಗಾಲೆತ್ತಿ ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಯಾದರೆ ಮಂಡಿಚಿಪ್ಪು ಜಾರುತ್ತಿದೆ ಎಂದು ಅನುಮಾನಿಸಿ. ಮಂಚದಿಂದ ಧುಮುಕದಂತೆ ಪಕ್ಕದಲ್ಲೊಂದು ಮಣೆಯೋ ಮೆಟ್ಟಿಲೋ ಇಡಿ.

ಊಟ, ಬಿಸಿಲು, ಉಣ್ಣೆಹುಳು

ಮೂರು ಕಿಲೋ ನಾಯಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಅಜ್ಜಿ ಪ್ರೀತಿಯಿಂದ ಹಾಕುವ ಒಂದು ತುಪ್ಪದ ಚಪಾತಿಯಲ್ಲೇ ಅರ್ಧ ಮುಗಿಯಿತು. ಜಿಡ್ಡಿನ ಊಟಕ್ಕೆ ಮೇದೋಜೀರಕದ ಉರಿಯೂತ ಬರುವುದೂ ಉಂಟು. ಈರುಳ್ಳಿ ಹಾಕಿದ ಉಪ್ಪಿಟ್ಟು, ಸಾಂಬಾರು, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ಯಾವುದೂ ಬೇಡ. ಅಜ್ಜಿಗೆ ‘ಕೊಡಬೇಡಿ’ ಎಂದರೆ ಕೇಳುವುದಿಲ್ಲ. ದಿನದ ಪಾಲಿನಿಂದಲೇ ಒಂದು ಹಿಡಿ ತೆಗೆದು ಬಟ್ಟಲಿಗೆ ಹಾಕಿ ಅವರ ಕೈಗೇ ಕೊಡಿ.

ಬೇಸಿಗೆಯಲ್ಲಿ ರಸ್ತೆಗೆ ಅಂಗೈ ಒತ್ತಿ ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಉಣ್ಣೆಹುಳುವಿನಿಂದ ಬರುವ ಜ್ವರ ನಮ್ಮಲ್ಲಿ ಸಾಮಾನ್ಯ, ಹಾಗಾಗಿ ತಿರುಗಾಡಿ ಬಂದ ಮೇಲೆ ಕಿವಿ, ಬೆರಳಸಂದಿ ನೋಡಲೇಬೇಕು. ಪಕ್ಕದ ಮನೆಯ ಜರ್ಮನ್ ಷೆಪರ್ಡ್‌ಗೆ ತಂದ ಉಣ್ಣೆಹುಳುವಿನ ಮಾತ್ರೆಯನ್ನು ಮುರಿದು ಕೊಡುವ ಉಳಿತಾಯ ಮಾತ್ರ ಬೇಡ. ಮುರಿದ ಚೂರಿನಲ್ಲಿ ಮದ್ದು ಎಷ್ಟಿದೆ ಎಂದು ಅಳೆಯಲಾಗದು. ಪ್ರತಿ ಸಲ ನಾಯಿಯನ್ನು ತಕ್ಕಡಿಯಲ್ಲಿಟ್ಟು, ಆ ತೂಕಕ್ಕೆ ತಯಾರಾದ ಪ್ಯಾಕನ್ನೇ ವೈದ್ಯರಿಂದ ಬರೆಸಿಕೊಳ್ಳಿ.