ಸ್ಯಾಲರಿ ಕ್ಯಾಪ್ ಲೆಕ್ಕ ನಾನು ಹೇಗೆ ಇಡುತ್ತೇನೆ

ಮಿನೆಸೋಟಾದಲ್ಲಿ ಚಳಿಗಾಲ ಅಂದರೆ ಐಸ್ ಹಾಕಿ. ನಮ್ಮ ಆಫೀಸಿನ ಹಾಕಿ ಹುಚ್ಚರೆಲ್ಲ ಸೇರಿ ಒಂದು ಫ್ಯಾಂಟಸಿ ಲೀಗ್, ಅಂದರೆ ಬರೀ ಕಾಗದದ ಮೇಲಿನ ಲೀಗ್ ನಡೆಸುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ತಂಡ. ಆಟಗಾರರು ಎನ್‌ಎಚ್‌ಎಲ್ ಅನ್ನುವ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್‌ನವರೇ, ಕಾಂಟ್ರಾಕ್ಟೂ ಅವರದೇ, ಸ್ಯಾಲರಿ ಕ್ಯಾಪ್ (ಒಂದು ತಂಡದ ಒಟ್ಟು ಸಂಬಳಕ್ಕೆ ಹಾಕಿದ ಮಿತಿ) ನಿಯಮಗಳೂ ಅಲ್ಲಿನವೇ. ಗೋಲು ಯಾರು ಹೊಡೆಯುತ್ತಾರೆ ಅನ್ನೋದಕ್ಕಿಂತ ಈ ಸಂಬಳದ ಲೆಕ್ಕವೇ ನನ್ನನ್ನು ಜಾಸ್ತಿ ಹಿಡಿದು ಕೂರಿಸಿದೆ.

ಐಪಿಎಲ್ ನೋಡುವವರಿಗೆ ಪರ್ಸ್ ಗೊತ್ತು. 2025ರ ಹರಾಜಿಗೆ ಒಂದು ತಂಡಕ್ಕೆ 120 ಕೋಟಿ. ಆಟಗಾರ ಬೇಡವಾದರೆ ಸೀಸನ್ ಮುಗಿದ ಮೇಲೆ ಬಿಟ್ಟರಾಯಿತು, ಅವನ ದುಡ್ಡು ಪರ್ಸಿಗೆ ವಾಪಸ್. ಎನ್‌ಎಚ್‌ಎಲ್‌ನಲ್ಲಿ ಹಾಗೆ ಸುಲಭವಾಗಿ ಕೈತೊಳೆದುಕೊಳ್ಳೋಕೆ ಆಗಲ್ಲ. 2004-05ರ ಸೀಸನ್ ಪೂರ್ತಿ ಲಾಕ್‌ಔಟ್‌ಗೆ ಬಲಿಯಾದ ಮೇಲೆ ಇಲ್ಲಿ ಕ್ಯಾಪ್ ಬಂತು. ಮೊದಲ ವರ್ಷ 39 ಮಿಲಿಯನ್ ಡಾಲರ್. 2025-26ಕ್ಕೆ 95.5 ಮಿಲಿಯನ್. ಏಳೆಂಟು ವರ್ಷದ ಕಾಂಟ್ರಾಕ್ಟ್‌ಗೆ ಸಹಿ ಬಿತ್ತೆಂದರೆ ಅಷ್ಟೂ ವರ್ಷ ಅದು ತಂಡದ ಕೊರಳಿಗೆ.

ಅದಕ್ಕೇ ನನ್ನ ಶೀಟಿನಲ್ಲಿ ಈ ವರ್ಷದ್ದು ಮಾತ್ರ ಇರಲ್ಲ. ಒಂದು ಸಾಲಿಗೆ ಒಬ್ಬ ಆಟಗಾರ, ಒಂದು ಕಾಲಂಗೆ ಒಂದು ಸೀಸನ್. ಒಳಗೆ ತುಂಬುವುದು ಕ್ಯಾಪ್ ಹಿಟ್, ಅಂದರೆ ಕಾಂಟ್ರಾಕ್ಟಿನ ಒಟ್ಟು ಮೊತ್ತವನ್ನು ಅದರ ವರ್ಷಗಳಿಗೆ ಸಮನಾಗಿ ಹಂಚಿದ ಮೊತ್ತ. ಆಟಗಾರನ ಕೈಗೆ ಸಿಗುವ ಸಂಬಳ ಒಂದು ವರ್ಷ ಜಾಸ್ತಿ, ಇನ್ನೊಂದು ವರ್ಷ ಕಮ್ಮಿ ಇರಬಹುದು. ಆ ಸಂಬಳವನ್ನೂ ಪಕ್ಕದಲ್ಲೇ ಬರೆದಿಡುತ್ತೇನೆ. ಅದು ಯಾಕೆ ಬೇಕು ಅಂತ ಮಿನೆಸೋಟಾ ವೈಲ್ಡ್ ತಂಡವನ್ನು ನೋಡಿದರೆ ಗೊತ್ತಾಗುತ್ತದೆ.

2012ರಲ್ಲಿ ವೈಲ್ಡ್ ತಂಡ ಜ್ಯಾಕ್ ಪರೀಸೆ ಮತ್ತು ರಯಾನ್ ಸೂಟರ್ ಇಬ್ಬರಿಗೂ ತಲಾ 13 ವರ್ಷ, 98 ಮಿಲಿಯನ್ ಡಾಲರ್ ಬರೆದುಕೊಟ್ಟಿತು. ಕ್ಯಾಪ್ ಹಿಟ್ ತಲಾ ಸುಮಾರು 7.54 ಮಿಲಿಯನ್. ದುಡ್ಡಿನ ದೊಡ್ಡ ಪಾಲು ಮೊದಲ ವರ್ಷಗಳಲ್ಲೇ. 2021ರ ಜುಲೈನಲ್ಲಿ ಇಬ್ಬರನ್ನೂ ಬೈಔಟ್ ಮಾಡಿದಾಗ, ಅಂದರೆ ಬಾಕಿ ಸಂಬಳದ ಒಂದು ಪಾಲು ಕೊಟ್ಟು ಕಾಂಟ್ರಾಕ್ಟ್ ಮುರಿದಾಗ, ಇನ್ನೂ 4 ವರ್ಷ ಬಾಕಿ ಇತ್ತು, ಕೊಡಬೇಕಾದ ಸಂಬಳ ತಲಾ 10 ಮಿಲಿಯನ್. ನಿಯಮದಂತೆ ಅದರ ಮೂರನೇ ಎರಡು ಭಾಗವನ್ನು 8 ವರ್ಷಕ್ಕೆ ಹಂಚಿ ಕೊಡಬೇಕು. ವರ್ಷಕ್ಕೆ 0.83 ಮಿಲಿಯನ್. ಇಷ್ಟೇನಾ ಅನ್ನಿಸುತ್ತೆ, ಅಲ್ವಾ?

ಕ್ಯಾಪ್ ಲೆಕ್ಕ ಬೇರೆ. ಆಯಾ ವರ್ಷ ತಂಡಕ್ಕೆ ನಿಜವಾಗಿ ಉಳಿದ ದುಡ್ಡನ್ನು ಮಾತ್ರ ಹಳೆಯ ಕ್ಯಾಪ್ ಹಿಟ್‌ನಿಂದ ಕಳೆಯುತ್ತಾರೆ. 2023-24ಕ್ಕೆ ಇದ್ದ ಸಂಬಳ ತಲಾ 1 ಮಿಲಿಯನ್, ಬೈಔಟ್‌ಗೆ ಹೋಗಿದ್ದು 0.83, ಉಳಿದಿದ್ದು ಬರೀ 0.17. ಹಾಗಾಗಿ 7.54ರಲ್ಲಿ 7.37 ಮಿಲಿಯನ್ ಹಾಗೇ ಕೂತಿತು. ಇಬ್ಬರದೂ ಸೇರಿ 14.7 ಮಿಲಿಯನ್. ಆ ವರ್ಷ ಕ್ಯಾಪ್ ಇದ್ದದ್ದೇ 83.5 ಮಿಲಿಯನ್. ತಂಡದಲ್ಲೇ ಇಲ್ಲದ ಇಬ್ಬರಿಗಾಗಿ ಆರರಲ್ಲಿ ಒಂದು ಪಾಲಿಗಿಂತ ಜಾಸ್ತಿ! ಮುಂದಿನ ವರ್ಷವೂ ಅಷ್ಟೇ. ಹಳೆಯ ಕಾಂಟ್ರಾಕ್ಟಿನ ಅವಧಿ ಮುಗಿದು ಬೈಔಟ್ ದುಡ್ಡು ಮಾತ್ರ ಉಳಿದಿದ್ದರಿಂದ, 2025-26ರಿಂದ ಅದು ಇಬ್ಬರದೂ ಸೇರಿ 1.67 ಮಿಲಿಯನ್‌ಗೆ ಇಳಿಯಿತು. ಅದೇ ಸೀಸನ್ ಶುರುವಾಗುವ ಹೊತ್ತಿಗೆ ತಂಡದ ತಾರೆ ಕಿರಿಲ್ ಕಪ್ರಿಜೋವ್‌ಗೆ 8 ವರ್ಷಕ್ಕೆ 136 ಮಿಲಿಯನ್ ಕೊಟ್ಟು ಉಳಿಸಿಕೊಂಡರು. ಆ ಹೊರೆ ಇಳಿಯುವ ದಿನಕ್ಕಾಗಿ ಇಲ್ಲಿನ ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದರು. ನಾನೂ ಕಾದಿದ್ದೆ.

ಹೀಗಾಗಿ ಯಾವ ಕಾಂಟ್ರಾಕ್ಟ್ ಬಂದರೂ ನಾನು ಬಾಲದಿಂದ ಓದುತ್ತೇನೆ. ಒಮ್ಮೆ ಸಹೋದ್ಯೋಗಿಯೊಬ್ಬರು 33 ವರ್ಷದ ಡಿಫೆನ್ಸ್‌ಮನ್ ಒಬ್ಬನನ್ನು ಕೊಡುತ್ತೇನೆ ಅಂದರು. ಆಟ ಚೆನ್ನಾಗಿತ್ತು, ಆದರೆ ಇನ್ನೂ 4 ವರ್ಷ ಬಾಕಿ. ಕೊನೆಯ ಎರಡು ಕಾಲಂ ತೋರಿಸಿ, ಅರ್ಧ ಸಂಬಳದ ಹೊರೆ ನಿಮ್ಮ ಲೆಕ್ಕದಲ್ಲೇ ಇಟ್ಟುಕೊಳ್ಳಿ ಅಂದೆ. ಟ್ರೇಡ್‌ನಲ್ಲಿ ಶೇ. 50ರವರೆಗೆ ಹೀಗೆ ಇಟ್ಟುಕೊಳ್ಳಲು ಅವಕಾಶವಿದೆ, ಒಂದು ತಂಡಕ್ಕೆ ಒಂದೇ ಸಲಕ್ಕೆ ಮೂರು ಕಾಂಟ್ರಾಕ್ಟ್ ಮಾತ್ರ. ಸ್ವಲ್ಪ ಎಳೆದಾಡಿ ಒಪ್ಪಿದರು. ಬದಲಿಗೆ ನಾನು ಎರಡನೇ ಸುತ್ತಿನ ಡ್ರಾಫ್ಟ್ ಪಿಕ್, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಒಂದು ಸರದಿ ಕೊಟ್ಟೆ.

ಇನ್ನೊಂದು ವಿಷಯ. ಸೀಸನ್ನಿನಲ್ಲಿ ಕ್ಯಾಪ್ ಲೆಕ್ಕ ದಿನದಿನಕ್ಕೆ ಓಡುತ್ತದೆ. ಶುರುವಿನಲ್ಲಿ 1 ಮಿಲಿಯನ್ ಖಾಲಿ ಬಿಟ್ಟು, ಅದನ್ನು ಮುಟ್ಟದೆ ಮುಕ್ಕಾಲು ಸೀಸನ್ ಕಳೆದರೆ, ಆಗ 4 ಮಿಲಿಯನ್‌ನ ಆಟಗಾರನನ್ನೇ ತರಬಹುದು. ಉಳಿದ ಕಾಲು ಸೀಸನ್ನಿಗೆ ಅವನ ಖರ್ಚು 1 ಮಿಲಿಯನ್ ತಾನೇ? ಅಕ್ಟೋಬರ್‌ನಲ್ಲೇ ಕೊನೆಯ ಡಾಲರ್‌ವರೆಗೂ ತುಂಬಿಕೊಂಡವರಿಗೆ ಈ ದಾರಿ ಮುಚ್ಚಿಹೋಗುತ್ತದೆ.

ಬೇಸಿಗೆಯಲ್ಲೂ ಸ್ವಲ್ಪ ಜಾಗ ಬಿಟ್ಟಿರಬೇಕು. 2024ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡ ಎಡ್ಮಂಟನ್ ತಂಡದ ಇಬ್ಬರು ಹುಡುಗರಿಗೆ ಆಫರ್ ಶೀಟ್ (ಕಾಂಟ್ರಾಕ್ಟ್ ಮುಗಿದ ಬೇರೆ ತಂಡದ ಎಳೆಯರಿಗೆ ಕೊಡುವ ಕಾಂಟ್ರಾಕ್ಟ್ ಆಹ್ವಾನ) ಕೊಟ್ಟಿತು. ಫಿಲಿಪ್ ಬ್ರೊಬರ್ಗ್‌ಗೆ ವರ್ಷಕ್ಕೆ ಸುಮಾರು 4.58 ಮಿಲಿಯನ್, ಡಿಲನ್ ಹಾಲೊವೇಗೆ ಸುಮಾರು 2.29. ಅಷ್ಟೇ ಕೊಟ್ಟು ಉಳಿಸಿಕೊಳ್ಳಲು ಎಡ್ಮಂಟನ್‌ಗೆ ಒಂದು ವಾರ ಸಮಯವಿತ್ತು. ಕ್ಯಾಪ್ ಬಿಗಿಯಾಗಿತ್ತು, ಉಳಿಸಿಕೊಳ್ಳಲಿಲ್ಲ. ಪರಿಹಾರವಾಗಿ ಡ್ರಾಫ್ಟ್ ಪಿಕ್‌ಗಳು ಸಿಕ್ಕವು, ಬೆಳೆಸಿದ ಹುಡುಗರು ಹೋದರು. ಕಾಂಟ್ರಾಕ್ಟ್ ಮುಗಿಯುವ ಎಳೆಯರ ಹೆಸರಿಗೆ ನಾನು ಜೂನ್‌ನಲ್ಲೇ ಕೆಂಪು ಬಣ್ಣ ಹಾಕಿ, ಯಾರಿಗೆ ಎಷ್ಟರವರೆಗೆ ಹೋಗಬಹುದು ಅಂತ ಪಕ್ಕದಲ್ಲೇ ಬರೆದುಬಿಡುತ್ತೇನೆ.

ಗಾಯಾಳುಗಳ ಪಟ್ಟಿಯ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳ ಜಾಸ್ತಿ. 2020-21ರಲ್ಲಿ ಟ್ಯಾಂಪಾ ಬೇ ತಂಡದ ನಿಕಿಟಾ ಕುಚೆರೊವ್ ಲೀಗ್ ಹಂತ ಪೂರ್ತಿ ಆ ಪಟ್ಟಿಯಲ್ಲಿದ್ದ. ಅವನ 9.5 ಮಿಲಿಯನ್‌ನಷ್ಟು ಕ್ಯಾಪ್ ಮೀರಲು ತಂಡಕ್ಕೆ ಅವಕಾಶ ಸಿಕ್ಕಿತು. ಪ್ಲೇಆಫ್‌ನಲ್ಲಿ ಆಗ ಕ್ಯಾಪ್ ಇರಲಿಲ್ಲ. ಅವನು ವಾಪಸ್ ಬಂದ, ತಂಡ ಕಪ್ ಗೆದ್ದಿತು. ನಿಯಮ ಮುರಿದಿರಲಿಲ್ಲ, ಆದರೂ ನನಗೆ ಅದು ಸರಿ ಕಾಣಲಿಲ್ಲ. 2025-26ರಿಂದ ಪ್ಲೇಆಫ್‌ನಲ್ಲೂ, ಆ ದಿನ ಆಡುವ ತಂಡ ಕ್ಯಾಪ್ ಒಳಗೇ ಇರಬೇಕು. ನಮ್ಮ ಲೀಗ್‌ನಲ್ಲೂ ಇದನ್ನು ತಂದಿದ್ದೇವೆ. ಅದಕ್ಕಾಗಿ ನನ್ನ ಶೀಟಿಗೆ ಹೊಸದೊಂದು ಕಾಲಂ ಸೇರಿದೆ: ಏಪ್ರಿಲ್‌ನಲ್ಲಿ ಕಣಕ್ಕಿಳಿಯುವ 20 ಜನ, ಅವರ ಕ್ಯಾಪ್ ಹಿಟ್, ಕೆಳಗೆ ಒಟ್ಟು ಮೊತ್ತ.